ದಸರಾಕ್ಕೆ ಬಣ್ಣ, ಮುಂದಿನ ದಸರಾಕ್ಕೆ ಚಕ್ಕೆ: ಹೊರಗೋಡೆಯ ಪೇಂಟ್ ಯಾಕೆ ಏಳುತ್ತದೆ?

ಗೌರಿ-ಗಣೇಶ ಕಳೆಯಿತು ಎಂದರೆ ಮೈಸೂರಿನಲ್ಲಿ ಪೇಂಟರ್ ಸಿಗುವುದು ಕಷ್ಟ. ಇನ್ನು ದಸರಾ. ಗೊಂಬೆ ಕೂರಿಸಬೇಕು, ನೆಂಟರು ಬರುತ್ತಾರೆ. ಊರಿಗೆ ಊರೇ ದೀಪ ಹಾಕಿಕೊಂಡು ನಿಂತಿರುವಾಗ ನಮ್ಮ ಮನೆ ಮಾತ್ರ ಪಾಚಿ ಹಿಡಿದು ಕಪ್ಪಗಿದ್ದರೆ ಚೆನ್ನಾಗಿರುತ್ತಾ? ಹಾಗಾಗಿ ಕುವೆಂಪುನಗರದಿಂದ ಒಂಟಿಕೊಪ್ಪಲಿನವರೆಗೆ ಎಲ್ಲ ಕಡೆ ಒಟ್ಟೊಟ್ಟಿಗೆ ಸಾರುವೆ ಕಟ್ಟುತ್ತಾರೆ.

ಹೊರಗೋಡೆಗೆ ಬಣ್ಣ ಹೊಡೆಯಲು ಇದಕ್ಕಿಂತ ಕೆಟ್ಟ ಸಮಯ ವರ್ಷದಲ್ಲಿ ಬೇರೆ ಇಲ್ಲ. ಮೈಸೂರು-ಮಂಡ್ಯದ ಮಳೆ ಕರಾವಳಿಯ ಹಾಗೆ ಜೂನ್, ಜುಲೈನಲ್ಲಿ ಸುರಿದು ಮುಗಿಯುವಂಥದ್ದಲ್ಲ. ಇಲ್ಲಿ ಅದು ಎರಡು ಸಲ ಜೋರು ಮಾಡುತ್ತದೆ. ಒಮ್ಮೆ ಏಪ್ರಿಲ್ ಕೊನೆಯಿಂದ ಮೇವರೆಗೆ, ಇನ್ನೊಮ್ಮೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಉತ್ತರೆ, ಹಸ್ತ, ಚಿತ್ತೆ ಮಳೆಗಳು ಹಬ್ಬದ ಜೊತೆಗೇ ಬರುತ್ತವೆ. ಕೊಡೆ ಹಿಡಿದು ಜಂಬೂಸವಾರಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ದಿನಗಳಲ್ಲಿ ಗೋಡೆ ಹೊರಗೆ ಒಣಗಿದ ಹಾಗೆ ಕಂಡರೂ ಒಳಗೆ ನೀರು ಕುಡಿದುಕೊಂಡೇ ಇರುತ್ತದೆ. ಅದರ ಮೇಲೆ ಎಷ್ಟೇ ದುಬಾರಿ ಬಣ್ಣ ಹೊಡೆದರೂ ಮುಂದಿನ ದಸರಾ ಹೊತ್ತಿಗೆ ಅಲ್ಲಲ್ಲಿ ಉಬ್ಬಿ, ಚಕ್ಕೆ ಏಳಲು ಶುರುವಾಗುತ್ತದೆ. ಆಗ ನಾವು ಬೈಯುವುದು ಪೇಂಟ್ ಕಂಪನಿಯನ್ನು.

ಹೊರಗಿನ ಬಣ್ಣ ಎಷ್ಟು ವರ್ಷ ಬಾಳುತ್ತದೆ ಎಂದು ತೀರ್ಮಾನವಾಗುವುದು ಡಬ್ಬದ ಮೇಲಿನ ವಾರಂಟಿಯಿಂದಲ್ಲ. ಮೊದಲ ಬ್ರಷ್ ತಾಗುವ ಹೊತ್ತಿಗೆ ಗೋಡೆ ಒಣಗಿತ್ತಾ, ಗಟ್ಟಿಯಾಗಿತ್ತಾ ಅನ್ನುವುದರಿಂದ. ಉಳಿದದ್ದೆಲ್ಲ ಆಮೇಲೆ.

ಡಬ್ಬದಲ್ಲಿ ಏನಿರುತ್ತದೆ?

ಈಗ ಹೊರಗೋಡೆಗೆ ಹೆಚ್ಚಾಗಿ ಹೊಡೆಯುವುದು ಅಕ್ರಿಲಿಕ್ ಎಮಲ್ಷನ್. ಅದರಲ್ಲಿ ನೀರು, ಬಣ್ಣದ ಪುಡಿ, ಬೆಲೆ ಇಳಿಸಲು ಒಂದಷ್ಟು ಸುಣ್ಣಕಲ್ಲಿನ ಪುಡಿ ಮತ್ತು ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ರಿಲಿಕ್ ಹನಿಗಳು ಇರುತ್ತವೆ. ಗೋಡೆಗೆ ಹಚ್ಚಿದ ಮೇಲೆ ನೀರು ಆರುತ್ತದೆ. ಆರಿದಂತೆಲ್ಲ ಹನಿಗಳು ಒಂದಕ್ಕೊಂದು ಒತ್ತಿ, ಅಂಟಿ, ಒಂದೇ ಪದರವಾಗುತ್ತವೆ. ಬಣ್ಣದ ಪುಡಿ ಆ ಪದರದೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಮುಟ್ಟಿದರೆ ಕೈಗೆ ಹತ್ತದಷ್ಟು ಒಣಗಲು ಸ್ವಲ್ಪ ಹೊತ್ತು ಸಾಕು. ಪದರ ಪೂರ್ತಿ ಬಲಿಯಲು ಮಾತ್ರ ದಿನಗಳೇ ಬೇಕು. ಅಷ್ಟರೊಳಗೆ ಮಳೆ ಬಿದ್ದರೆ ಬಣ್ಣದೊಳಗಿನ ಸೋಪಿನಂಥ ಅಂಶ ಹೊರಬಂದು ಗೋಡೆ ಮೇಲೆ ಅಂಟು ಅಂಟಾದ ಉದ್ದುದ್ದ ಗೆರೆ ಬಿಡುತ್ತದೆ.

ಅಗ್ಗದ ಬಣ್ಣಕ್ಕೂ ದುಬಾರಿ ಬಣ್ಣಕ್ಕೂ ಮುಖ್ಯ ವ್ಯತ್ಯಾಸ ಇರುವುದು ಇಲ್ಲೇ. ಅಗ್ಗದ್ದರಲ್ಲಿ ಸುಣ್ಣಕಲ್ಲಿನ ಪುಡಿ ಜಾಸ್ತಿ, ಅಕ್ರಿಲಿಕ್ ಕಡಿಮೆ. ಹಿಡಿದುಕೊಳ್ಳುವ ಅಂಟು ಕಡಿಮೆಯಾದರೆ ಪುಡಿ ಬೇಗ ಸಡಿಲವಾಗುತ್ತದೆ. ಬಿಸಿಲಿನ ಅತಿನೇರಳೆ ಕಿರಣ ವರ್ಷಗಟ್ಟಲೆ ಆ ಅಂಟನ್ನು ಮೇಲಿನಿಂದ ಸವೆಸುತ್ತಾ ಬರುತ್ತದೆ. ಹಳೆಯ ಗೋಡೆಗೆ ಅಂಗೈ ಉಜ್ಜಿದರೆ ಕೈಗೆ ಬಿಳಿ ಪುಡಿ ಹತ್ತುತ್ತದಲ್ಲ, ಅದು ಹೀಗೆ ಅಂಟು ಕಳೆದುಕೊಂಡ ಪುಡಿ.

ಬೆಳಕು ಎಲ್ಲ ಕಡೆಯೂ ಬಣ್ಣ ಕೆಡಿಸುತ್ತದೆ ಅಂತೇನಿಲ್ಲ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದ ನಮ್ಮ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ 1962ರಿಂದ ಚುನಾವಣೆಗೆ ಅಳಿಸಲಾಗದ ಶಾಯಿ ಮಾಡುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆರಳಿನ ಮೇಲೆ ಕಪ್ಪಾಗಿ ಕೂರುವುದೇ ಬೆಳಕು ಬಿದ್ದಾಗ. ಗೋಡೆಯ ಬಣ್ಣಕ್ಕೆ ಆ ಅದೃಷ್ಟ ಇಲ್ಲ.

ಇನ್ನು ದಪ್ಪದ ಲೆಕ್ಕ. ಒಂದು ಲೀಟರ್ ಬಣ್ಣವನ್ನು 10 ಚದರ ಮೀಟರ್, ಅಂದರೆ ಸುಮಾರು 108 ಚದರ ಅಡಿ ಗೋಡೆಗೆ ಹಚ್ಚಿದರೆ ಹಸಿ ಪದರದ ದಪ್ಪ 100 ಮೈಕ್ರಾನ್. ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲು. ಆ ಬಣ್ಣದಲ್ಲಿ ನೀರು ಕಳೆದು ಉಳಿಯುವ ಗಟ್ಟಿ ಅಂಶ 40% ಇದ್ದರೆ ಒಣಗಿದ ಮೇಲೆ 40 ಮೈಕ್ರಾನ್. ಎರಡು ಕೋಟ್‌ಗೆ 80. ಹೆಚ್ಚುಕಡಿಮೆ ಒಂದು ತಲೆಕೂದಲಿನ ದಪ್ಪ. ಬಿಸಿಲು, ಮಳೆ, ಧೂಳು ಎಲ್ಲವನ್ನೂ ತಡೆಯಬೇಕಾದದ್ದು ಇಷ್ಟೇ.

ಮುಂದಿನಿಂದ ಬಿಸಿಲು ಇದನ್ನು ಸವೆಸಲು ವರ್ಷಗಳು ಬೇಕು. ಹಿಂದಿನಿಂದ ನೀರು ಇದನ್ನು ಎಬ್ಬಿಸಲು ಒಂದು ಮಳೆಗಾಲ ಸಾಕು.

ಚಕ್ಕೆಯ ಬೆನ್ನು ನೋಡಿ

ಹೊಸ ಬಣ್ಣದ ಮಾತಾಡುವ ಮುಂಚೆ ಹಳೆಯದು ಯಾಕೆ ಎದ್ದಿದೆ ಅಂತ ತಿಳಿಯಬೇಕು. ಅದಕ್ಕೆ ಯಂತ್ರ ಬೇಡ, ಎಂಜಿನಿಯರ್ ಬೇಡ. ಗೋಡೆಯಿಂದ ಎದ್ದಿರುವ ಒಂದು ಚಕ್ಕೆಯನ್ನು ಉಗುರಿನಿಂದ ಬಿಡಿಸಿ, ತಿರುಗಿಸಿ, ಬೆಳಕಿಗೆ ಹಿಡಿಯಿರಿ. ಬೇರೆ ಬೇರೆ ಗೋಡೆಯಿಂದ ಒಂದೊಂದು ತೆಗೆದರೆ ಇನ್ನೂ ಒಳ್ಳೆಯದು. ಒಂದೇ ಮನೆಯಲ್ಲಿ ನಾಲ್ಕು ಗೋಡೆಗೆ ನಾಲ್ಕು ಕಾಯಿಲೆ ಇರಬಹುದು.

ಚಕ್ಕೆಯ ಬೆನ್ನಿಗೆ ಬಿಳಿ ಪುಡಿ ಮೆತ್ತಿಕೊಂಡಿದ್ದರೆ ಬಣ್ಣ ಗೋಡೆಯನ್ನು ಹಿಡಿದೇ ಇರಲಿಲ್ಲ, ಪುಡಿಯನ್ನು ಹಿಡಿದಿತ್ತು. ಆ ಪುಡಿ ಹಳೆಯ ಸುಣ್ಣದ್ದೋ ಸಿಮೆಂಟ್ ಪೇಂಟಿನದ್ದೋ ಆಗಿರಬಹುದು. ಸರಿಯಾಗಿ ಬಲಿಯದ ವೈಟ್ ಸಿಮೆಂಟ್ ಕೂಡ ಆಗಿರಬಹುದು. ನಮ್ಮ ಕಡೆ ಅತಿ ಹೆಚ್ಚು ಕಾಣುವುದು ಇದೇ.

ಬೆನ್ನಿಗೆ ಬೂದು ಮರಳು ಅಂಟಿಕೊಂಡು ಬಂದರೆ ಬಣ್ಣದ ತಪ್ಪಿಲ್ಲ. ಪ್ಲಾಸ್ಟರ್ರೇ ಸಡಿಲ. ಸಿಮೆಂಟ್ ಕಡಿಮೆ ಹಾಕಿದ್ದು, ಸರಿಯಾಗಿ ನೀರು ಹಾಯಿಸದೇ ಇದ್ದದ್ದು, ಎಂ-ಸ್ಯಾಂಡಿನಲ್ಲಿ ಧೂಳು ಜಾಸ್ತಿ ಇದ್ದದ್ದು, ಇವೆಲ್ಲ ಕಾರಣ. ಇಂಥ ಕಡೆ ಗೋಡೆಯನ್ನು ನಾಣ್ಯದಿಂದ ತಟ್ಟುತ್ತಾ ಹೋಗಿ. ಟೊಳ್ಳು ಶಬ್ದ ಬಂದ ಕಡೆ ಪ್ಲಾಸ್ಟರ್ ಕಿತ್ತು ಮತ್ತೆ ಮಾಡಿಸದೆ ಬೇರೆ ದಾರಿ ಇಲ್ಲ.

ಬೆನ್ನು ನುಣ್ಣಗಿದ್ದು, ಅದರ ಕೆಳಗೆ ಹಳೆಯ ಬಣ್ಣ ಫಳಫಳ ಅನ್ನುತ್ತಿದ್ದರೆ ಎರಡು ಬಣ್ಣ ಒಂದಕ್ಕೊಂದು ಹಿಡಿದಿಲ್ಲ. ಹಳೆಯ ಎಣ್ಣೆ ಬಣ್ಣದ ಮೇಲೆ ಉಜ್ಜದೆ ಎಮಲ್ಷನ್ ಹೊಡೆದರೆ, ಇಲ್ಲವೇ ರಸ್ತೆಯ ಧೂಳು ತೊಳೆಯದೆ ಹೊಡೆದರೆ ಹೀಗಾಗುತ್ತದೆ.

ಬೆನ್ನು ತೇವವಾಗಿದ್ದು, ಗೋಡೆಯ ಮೇಲೆ ಹತ್ತಿಯಂಥ ಬಿಳಿ ಎಳೆಗಳೋ ಹರಳುಗಳೋ ಕಂಡರೆ ಅದು ಉಪ್ಪು. ನಾಲಿಗೆ ತಾಗಿಸಿ ನೋಡುವವರಿದ್ದಾರೆ, ಅಗತ್ಯ ಇಲ್ಲ. ಇಟ್ಟಿಗೆ, ಸಿಮೆಂಟ್, ಗಡಸು ಬೋರ್ ನೀರು ಎಲ್ಲದರಲ್ಲೂ ಕರಗುವ ಲವಣ ಇರುತ್ತದೆ. ಗೋಡೆಯೊಳಗಿನ ನೀರು ಅದನ್ನು ಹೊತ್ತು ಹೊರಗೆ ಬರುತ್ತದೆ. ನೀರು ಆರಿಹೋಗುತ್ತದೆ, ಲವಣ ಬಣ್ಣದ ಹಿಂದೆ ಹರಳು ಕಟ್ಟುತ್ತದೆ. ಹರಳು ಬೆಳೆದಂತೆ ಬಣ್ಣವನ್ನು ಹಿಂದಿನಿಂದ ತಳ್ಳುತ್ತದೆ. ಇದನ್ನು ನೀರು ಹಾಕಿ ತೊಳೆಯಬಾರದು. ತೊಳೆದರೆ ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆದು, ಕೆಲವು ವಾರ ಬಿಟ್ಟು, ಮತ್ತೆ ಬಂತಾ ನೋಡಬೇಕು. ಬರುತ್ತಲೇ ಇದ್ದರೆ ನೀರು ಇನ್ನೂ ಎಲ್ಲಿಂದಲೋ ಬರುತ್ತಿದೆ ಅಂತ ಅರ್ಥ.

ನೀರು ಎಲ್ಲಿಂದ?

ಮೈಸೂರಿನ ಯಾವ ಬಡಾವಣೆಯಲ್ಲಿ ನಡೆದರೂ ಒಂದು ದೃಶ್ಯ ಸಾಮಾನ್ಯ. ಪ್ಯಾರಪೆಟ್ ತುದಿಯಿಂದ ಕೆಳಕ್ಕೆ ಕಪ್ಪು ಗೆರೆಗಳು. ಪ್ಯಾರಪೆಟ್‌ನ ತಲೆ ಮಟ್ಟಸವಾಗಿರುತ್ತದೆ, ಇಲ್ಲವೇ ಹೊರಕ್ಕೆ ವಾಲಿರುತ್ತದೆ. ಅಲ್ಲಿ ನಿಂತ ಧೂಳು ಮಳೆ ಬಂದಾಗ ಗೋಡೆ ಮೇಲೆ ಇಳಿಯುತ್ತದೆ. ಅದು ತಿಂಗಳಾನುಗಟ್ಟಲೆ ತೇವ ಹಿಡಿದಿಡುತ್ತದೆ, ಅಲ್ಲಿ ಪಾಚಿ ಬೆಳೆಯುತ್ತದೆ. ತಲೆಯ ಮೇಲೆ ಕೂದಲೆಳೆ ಬಿರುಕಿದ್ದರೆ ಅಲ್ಲಿಂದ ನೀರು ಒಳಗೂ ಇಳಿಯುತ್ತದೆ. ಕೆಲವು ಕಡೆ ಅರಳಿ ಸಸಿಯೂ ಹುಟ್ಟಿರುತ್ತದೆ. ಅದನ್ನು ಪೂಜ್ಯ ಅಂತ ಬಿಟ್ಟರೆ ಪ್ಯಾರಪೆಟ್ ಅದರದ್ದೇ ಆಗುತ್ತದೆ! ಮೊದಲು ಆ ತಲೆಯನ್ನು ತಾರಸಿಯ ಕಡೆಗೆ ಇಳಿಜಾರು ಮಾಡಿಸಿ, ಬಿರುಕು ಮುಚ್ಚಿಸಿ. ಆಮೇಲೆ ಬಣ್ಣದ ಮಾತು.

ಸಜ್ಜಾಗೂ ಇದೇ ಗತಿ. ಸರಿಯಾಗಿ ಕಟ್ಟಿದ ಸಜ್ಜಾದ ಅಡಿಯಲ್ಲಿ ಅಂಚಿಗೆ ಹತ್ತಿರವಾಗಿ ಉದ್ದಕ್ಕೆ ಒಂದು ಗೆರೆ ಕೊರೆದಿರುತ್ತಾರೆ. ಅಂಚಿಗೆ ಬಂದ ನೀರು ಅಡಿಯಲ್ಲಿ ಅಂಟಿಕೊಂಡೇ ಗೋಡೆಯವರೆಗೆ ಹೋಗುವ ಸ್ವಭಾವದ್ದು. ಆ ಗೆರೆ ಸಿಕ್ಕಾಗ ದಾಟಲಾರದೆ ಹನಿಯಾಗಿ ಕೆಳಗೆ ಬೀಳುತ್ತದೆ. ಎಷ್ಟೋ ಮನೆಗಳಲ್ಲಿ ಗೆರೆಯೇ ಇರುವುದಿಲ್ಲ. ಇದ್ದರೂ ಹತ್ತಾರು ವರ್ಷದ ಪುಟ್ಟಿ, ಬಣ್ಣ ತುಂಬಿ ಮುಚ್ಚಿಹೋಗಿರುತ್ತದೆ. ಪೇಂಟರ್‌ಗೆ ಹೇಳಿ ಅದನ್ನು ಕೆರೆಸುವುದು ಐದು ನಿಮಿಷದ ಕೆಲಸ.

30×40 ಸೈಟುಗಳಲ್ಲಿ ಇನ್ನೊಂದು ಗುಟ್ಟಿನ ದಾರಿ ಇದೆ. ಪಕ್ಕದ ಮನೆಗೂ ನಮ್ಮ ಮನೆಗೂ ನಡುವಿನ ಸಂದಿ. ಯಾರಿಗೂ ಕಾಣುವುದಿಲ್ಲ ಅಂತ ಆ ಗೋಡೆಗೆ ಪ್ಲಾಸ್ಟರ್ ಕೂಡ ಮಾಡಿಸಿರುವುದಿಲ್ಲ. ಮಳೆ ನೀರು ಬರಿ ಇಟ್ಟಿಗೆಯೊಳಗೆ ಇಳಿಯುತ್ತದೆ. ಒಳಗಡೆ ರೂಮಿನ ಬಣ್ಣ ಏಳುತ್ತದೆ. ಕಾಣುವ ಗೋಡೆಗೆ ದುಬಾರಿ ಬಣ್ಣ ಹೊಡೆದು ಕಾಣದ ಗೋಡೆ ಬಿಟ್ಟರೆ ದುಡ್ಡು ದಂಡ.

ಮಂಡ್ಯದ ಕಡೆ ನೀರು ಕೆಳಗಿನಿಂದ ಬರುತ್ತದೆ. ಕೆಆರ್‌ಎಸ್‌ನಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಭತ್ತ, ಕಬ್ಬು. ಗದ್ದೆಗೆ ನೀರು ಬಿಟ್ಟಷ್ಟು ದಿನ ನೆಲ ತೇವ. ಬುನಾದಿಯ ಮೇಲೆ ನೀರು ತಡೆಯುವ ಪದರ ಹಾಕದ ಹಳೆಯ ಮನೆಗಳಲ್ಲಿ ಆ ತೇವ ಇಟ್ಟಿಗೆಯ ಸಣ್ಣ ರಂಧ್ರಗಳ ಮೂಲಕ ಎರಡು ಮೂರು ಅಡಿ ಮೇಲೇರುತ್ತದೆ. ಗೋಡೆಯ ಬುಡದಲ್ಲಿ ಅಡ್ಡಕ್ಕೆ ಒಂದು ಪಟ್ಟೆಯ ಹಾಗೆ ಬಣ್ಣ ಎದ್ದಿದ್ದರೆ ಇದೇ. ಗೋಡೆಗೆ ಅಂಟಿಕೊಂಡು ಕೊಟ್ಟಿಗೆ ಇದ್ದರೆ ಗಂಜಲದ ಲವಣವೂ ಸೇರಿಕೊಂಡು ಹಾವಳಿ ಇನ್ನೂ ಜಾಸ್ತಿ.

ಇಂಥ ಬುಡಕ್ಕೆ ವಾಟರ್‌ಪ್ರೂಫ್ ಬಣ್ಣ ಬಳಿಯುವುದು ನನ್ನ ಪ್ರಕಾರ ಶುದ್ಧ ತಪ್ಪು ವೈದ್ಯ. ಎರಡಡಿ ಎತ್ತರದಲ್ಲಿ ಆರಿಹೋಗುತ್ತಿದ್ದ ನೀರಿಗೆ ದಾರಿ ಮುಚ್ಚಿದರೆ ಅದು ನಾಲ್ಕಡಿಗೆ ಏರುತ್ತದೆ, ಇಲ್ಲವೇ ಮನೆಯೊಳಗೆ ಬರುತ್ತದೆ. ಗೋಡೆಗೆ ಒತ್ತಿಕೊಂಡ ತೋಟದ ಮಣ್ಣು ತೆಗೆಸಿ. ಮಳೆ ನೀರು ಬುಡದಲ್ಲಿ ನಿಲ್ಲದ ಹಾಗೆ ಇಳಿಜಾರು ಮಾಡಿಸಿ. ಆ ಎರಡು ಮೂರು ಅಡಿಗೆ ಉಸಿರಾಡುವ ಸುಣ್ಣವನ್ನೋ ಸಿಮೆಂಟ್ ಪೇಂಟನ್ನೋ ಮಾತ್ರ ಹಚ್ಚಿ. ನೋಡಲು ಅಷ್ಟು ಚೆಂದ ಕಾಣದಿರಬಹುದು, ಆದರೆ ಮೇಲಿನ ಗೋಡೆ ಉಳಿಯುತ್ತದೆ.

ಗೋಡೆ ಒಣಗಿದೆಯಾ ಅಂತ ತಿಳಿಯಲು ಸುಲಭದ ಪರೀಕ್ಷೆ ಇದೆ. ಒಂದೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ಅನುಮಾನ ಇರುವ ಕಡೆ ಗೋಡೆಗಿಟ್ಟು ನಾಲ್ಕೂ ಅಂಚಿಗೆ ಗಾಳಿ ಆಡದ ಹಾಗೆ ಟೇಪ್ ಹಚ್ಚಿ. ಸಂಜೆ ಹಚ್ಚಿದರೆ ಮಾರನೇ ದಿನ ಮಧ್ಯಾಹ್ನ ನೋಡಿ, ಒಂದು 16 ಗಂಟೆಯಾದರೂ ಇರಲಿ. ಹಾಳೆಯ ಒಳಮೈಯಲ್ಲಿ ಬೆವರು ಕಂಡರೆ, ಇಲ್ಲವೇ ಹಾಳೆ ಹಿಂದಿನ ಗೋಡೆ ಸುತ್ತಲಿಗಿಂತ ಕಪ್ಪಾಗಿದ್ದರೆ ಬಣ್ಣ ಬೇಡ. ಕಾಯಿರಿ.

ಹೊಸ ಮನೆಗೆ ಇದರ ಜೊತೆ ಕ್ಷಾರದ ಕಾಟವೂ ಇದೆ. ಹಸಿ ಸಿಮೆಂಟ್ ಪ್ಲಾಸ್ಟರ್ ಬಲು ಕ್ಷಾರ, ಅದರ ಪಿಎಚ್ 12ರ ಮೇಲಿರುತ್ತದೆ. ಬಣ್ಣದ ಅಂಟನ್ನೂ ಕೆಲವು ವರ್ಣದ್ರವ್ಯಗಳನ್ನೂ ಅದು ತಿನ್ನುತ್ತದೆ. ಪ್ಲಾಸ್ಟರ್ ಆದ ಮೇಲೆ 28 ದಿನ ಬಿಡಿ ಎನ್ನುವುದು ಇದಕ್ಕೇ. ಆದರೆ ಗೃಹಪ್ರವೇಶದ ಮುಹೂರ್ತಕ್ಕೆ ಈ ಲೆಕ್ಕ ಗೊತ್ತಿರುವುದಿಲ್ಲ. ಹೋದ ವಾರ ಪ್ಲಾಸ್ಟರ್, ಈ ವಾರ ಬಣ್ಣ, ಮುಂದಿನ ವಾರ ಹೋಮ. ಒಂದು ಉಪಾಯ ಇದೆ. 28 ದಿನ ಕಳೆದಿದ್ದರೆ ಹೊರಗಡೆ ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚಿನ ತಳಪದರ ಮಾತ್ರ ಹೊಡೆಸಿ, ತೋರಣ ಕಟ್ಟಿ ಹಾಲುಕ್ಕಿಸಿ. ಬಣ್ಣವನ್ನು ಒಂದು ಮಳೆಗಾಲ ಕಳೆದು ಜನವರಿಯಲ್ಲಿ ಹೊಡೆಸಿ. ಅಷ್ಟರೊಳಗೆ ಎಲ್ಲೆಲ್ಲಿ ಬಿರುಕು, ಎಲ್ಲೆಲ್ಲಿ ಸೋರಿಕೆ ಅಂತ ಮನೆಯೇ ತೋರಿಸಿಬಿಟ್ಟಿರುತ್ತದೆ.

ಬಣ್ಣಕ್ಕೆ ಮುಂಚಿನ ಕೆಲಸ

ಪಾಚಿಯನ್ನು ಸುಮ್ನೆ ಕೆರೆದರೆ ಸಾಲದು. ಕಣ್ಣಿಗೆ ಕಾಣದ ಅಂಶ ಗೋಡೆಯಲ್ಲೇ ಉಳಿದು ಹೊಸ ಬಣ್ಣದ ಮೇಲೂ ಬರುತ್ತದೆ. ಬ್ಲೀಚಿಂಗ್ ಪೌಡರ್ ಕಲಸಿದ ನೀರನ್ನೋ ಅಂಗಡಿಯಲ್ಲಿ ಸಿಗುವ ಪಾಚಿ ನಾಶಕವನ್ನೋ ಹಚ್ಚಿ, ಹೇಳಿದಷ್ಟು ಹೊತ್ತು ಬಿಟ್ಟು, ಆಮೇಲೆ ಗಡಸು ಬ್ರಷ್‌ನಲ್ಲಿ ಉಜ್ಜಿ ಚೆನ್ನಾಗಿ ತೊಳೆಯಬೇಕು. ಬ್ಲೀಚಿಂಗ್ ಪೌಡರ್ ಜೊತೆ ಆಸಿಡ್ ಮಾತ್ರ ಬೆರೆಸಬೇಡಿ, ಕ್ಲೋರಿನ್ ವಿಷಾನಿಲ ಬರುತ್ತದೆ. ತೊಳೆದ ಮೇಲೆ ಎರಡು ಮೂರು ಒಳ್ಳೆಯ ಬಿಸಿಲು ಬೇಕು. ಬೆಳಿಗ್ಗೆ ತೊಳೆದು ಮಧ್ಯಾಹ್ನ ಪ್ರೈಮರ್ ಹೊಡೆಯುವ ತಂಡವನ್ನು ನಿಲ್ಲಿಸಿ.

ಪಾಚಿ ಉತ್ತರದ ಗೋಡೆಗೇ ಯಾಕೆ ಜಾಸ್ತಿ? ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ಉಳಿದ ಎಂಟು ತಿಂಗಳು ದಕ್ಷಿಣಕ್ಕೆ. ಸೆಪ್ಟೆಂಬರ್-ಅಕ್ಟೋಬರ್ ಮಳೆಯಲ್ಲಿ ಉತ್ತರದ ಗೋಡೆ ನೆನೆಯುವ ಹೊತ್ತಿಗೆ ಸೂರ್ಯ ಆ ಕಡೆ ಬಿಟ್ಟಾಗಿರುತ್ತದೆ. ಮತ್ತೆ ನೇರ ಬಿಸಿಲು ಬೇಸಿಗೆಯವರೆಗೆ ಇಲ್ಲ. ಹಾಗಾಗಿ ನಾಲ್ಕೂ ಗೋಡೆಗೆ ಒಂದೇ ಖರ್ಚು ಮಾಡಬೇಕಾಗಿಲ್ಲ. ಪಾಚಿ ತಡೆಯುವ ಗುಣದ ಒಳ್ಳೆಯ ಬಣ್ಣ ಉತ್ತರದ ಗೋಡೆಗೆ ಹೆಚ್ಚು ಬೇಕು. ಬಣ್ಣ ಮಾಸದ ಗುಣ ದಕ್ಷಿಣ, ಪಶ್ಚಿಮದ ಗೋಡೆಗೆ.

ಬಿರುಕುಗಳಲ್ಲಿ ತರತಮ ಇದೆ. ಪೇಂಟರ್‌ಗಳು ಏರ್ ಕ್ರ್ಯಾಕ್ ಅನ್ನುವ ಕೂದಲೆಳೆ ಬಿರುಕಿಗೆ ರಬ್ಬರಿನ ಹಾಗೆ ಹಿಗ್ಗುವ ಬಣ್ಣವೇ ಸಾಕಾಗಬಹುದು. ಅದಕ್ಕಿಂತ ಅಗಲದ್ದನ್ನು ಮೇಲಿಂದ ಮೆತ್ತಬಾರದು. ಇಂಗ್ಲಿಷ್ ವಿ ಅಕ್ಷರದ ಆಕಾರಕ್ಕೆ ಕೊರೆದು, ಧೂಳು ತೆಗೆದು, ಅಕ್ರಿಲಿಕ್ ಫಿಲ್ಲರ್ ತುಂಬಬೇಕು. ಕಾಂಕ್ರೀಟ್ ತೊಲೆಯೂ ಇಟ್ಟಿಗೆ ಗೋಡೆಯೂ ಸೇರುವ ಕಡೆ ಉದ್ದಕ್ಕೆ ಬಿರುಕು ಬಂದಿದ್ದರೆ ಎರಡೂ ಬಿಸಿಲಿಗೆ ಬೇರೆ ಬೇರೆ ಹಿಗ್ಗುತ್ತಿವೆ ಎಂದರ್ಥ. ಅಲ್ಲಿ ಜಾಲರಿ ಕೊಟ್ಟು ಪ್ಲಾಸ್ಟರ್ ಮಾಡಿಸದಿದ್ದರೆ ಎಷ್ಟು ತುಂಬಿದರೂ ಮತ್ತೆ ಬಿಡುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು ವರ್ಷವರ್ಷ ಅಗಲವಾಗುವ ಬಿರುಕು ಪೇಂಟರ್‌ನ ವಿಷಯವೇ ಅಲ್ಲ, ಎಂಜಿನಿಯರನ್ನು ಕರೆಯಿರಿ.

ಪುಟ್ಟಿ ಬಗ್ಗೆ ನನಗೆ ಖಚಿತ ಅಭಿಪ್ರಾಯ ಇದೆ. ಹೊರಗೋಡೆಗೆ ಪೂರ್ತಿ ಪುಟ್ಟಿ ಬಳಿದು ಹಾಲಿನ ಕೆನೆಯ ಹಾಗೆ ನುಣ್ಣಗೆ ಮಾಡಿಸುವ ಆಸೆ ಬಿಡಿ. ನುಣುಪು ಒಳಮನೆಗೆ ಸರಿ. ಹೊರಗೆ ಪುಟ್ಟಿ ದಪ್ಪವಾದಷ್ಟೂ ಕಿತ್ತುಬರುವ ಪದರ ಒಂದು ಹೆಚ್ಚಾಯಿತು ಅಷ್ಟೇ. ತಗ್ಗು ಇರುವ ಕಡೆ ಮಾತ್ರ ಹಾಕಿಸಿ. ಅದೂ ವೈಟ್ ಸಿಮೆಂಟ್ ಆಧಾರಿತ ಪುಟ್ಟಿಯೇ ಆಗಬೇಕು. ಒಳಗೆ ಬಳಸುವ ಅಕ್ರಿಲಿಕ್ ಪುಟ್ಟಿ, ಪಿಒಪಿ ಮಳೆಗೆ ನಿಲ್ಲುವುದಿಲ್ಲ.

ಇನ್ನು ಪ್ರೈಮರ್. ಬಹಳ ಮನೆಗಳಲ್ಲಿ ಈ ಸಂಭಾಷಣೆ ನಡೆಯುತ್ತದೆ.

“ಅಣ್ಣಾ, ಪ್ರೈಮರ್ ಹೊಡೀಬೇಕಲ್ವಾ?”

“ಬೇಡ ಬಿಡಿ ಸಾರ್. ವೈಟ್ ಸಿಮೆಂಟ್ ಒಂದು ಕೋಟ್ ಹೊಡ್ದಿದೀವಲ್ಲ, ಅದೇ ಪ್ರೈಮರ್ರು.”

ಅಲ್ಲ. ಸಿಮೆಂಟ್ ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನ ಜೊತೆ ಸೇರಿ. ಬಿಸಿಲಿಗೆ ಕಾದ ಗೋಡೆಗೆ ತೆಳ್ಳಗೆ ವೈಟ್ ಸಿಮೆಂಟ್ ಬಳಿದರೆ ಅದರ ನೀರನ್ನು ಗೋಡೆ ಒಂದು ಕಡೆ, ಬಿಸಿಲು ಇನ್ನೊಂದು ಕಡೆ ಎಳೆದುಕೊಂಡುಬಿಡುತ್ತವೆ. ಉಳಿಯುವುದು ಪುಡಿ. ಮೊದಲೇ ಗೋಡೆ ನೆನೆಸಿ, ಹಚ್ಚಿದ ಮೇಲೂ ನೀರು ಚಿಮುಕಿಸಿದರೆ ಮಾತ್ರ ವೈಟ್ ಸಿಮೆಂಟ್ ಗೋಡೆ ಹಿಡಿಯುತ್ತದೆ. ಅಷ್ಟು ತಾಳ್ಮೆ ಯಾರಿಗಿದೆ? ಚಕ್ಕೆಯ ಬೆನ್ನಿನ ಬಿಳಿ ಪುಡಿ ಬಹಳ ಸಲ ಬರುವುದು ಇಲ್ಲಿಂದ. ಪ್ರೈಮರ್‌ನ ಕೆಲಸ ಬೇರೆ. ಅದು ತೆಳುವಾಗಿ ಪ್ಲಾಸ್ಟರ್ ಒಳಗೆ ಇಳಿದು ಮೇಲ್ಮೈಯನ್ನು ಹಿಡಿದುಕೊಳ್ಳುತ್ತದೆ, ಕ್ಷಾರ ಮೇಲೆ ಬರದಂತೆ ತಡೆಯುತ್ತದೆ. ಗೋಡೆ ಎಲ್ಲ ಕಡೆ ಒಂದೇ ಸಮ ಬಣ್ಣ ಕುಡಿಯುವಂತೆ ಮಾಡುವುದೂ ಅದೇ. ಹೊರಗೋಡೆಗೆ ಅಂತ ಬರೆದಿರುವ ಪ್ರೈಮರ್ರೇ ತನ್ನಿ. ಹೊಡೆದು ಒಣಗಿದ ಮೇಲೆ ಅಂಗೈ ಉಜ್ಜಿ ನೋಡಿ. ಪುಡಿ ಹತ್ತಿದರೆ ಇನ್ನೂ ಕೆರೆಯುವುದು ಬಾಕಿ ಇದೆ.

ಡಬ್ಬ ಎಣಿಸಿ

ಡಬ್ಬದ ಮೇಲೆ ಎಷ್ಟು ನೀರು ಬೆರೆಸಬೇಕು ಅಂತ ಬರೆದಿರುತ್ತದೆ. ಕಂಪನಿಯಿಂದ ಕಂಪನಿಗೆ, ಬ್ರಷ್‌ಗೂ ರೋಲರ್‌ಗೂ ಅದು ಬೇರೆ. ಅಷ್ಟೇ ಬೆರೆಸಬೇಕು, ಶುದ್ಧ ನೀರು ಬೆರೆಸಬೇಕು, ಅಳತೆ ಮಗ್‌ನಲ್ಲಿ ಬೆರೆಸಬೇಕು. ಹೆಚ್ಚು ನೀರು ಬೆರೆಸಿದಾಗ ಬ್ರಷ್ ಸರಾಗವಾಗಿ ಓಡುತ್ತದೆ, ದಿನಕ್ಕೆ ಜಾಸ್ತಿ ಗೋಡೆ ಮುಗಿಯುತ್ತದೆ. ಚದರ ಅಡಿ ಲೆಕ್ಕದಲ್ಲಿ ಗುತ್ತಿಗೆ ಕೊಟ್ಟಿದ್ದರೆ ಆ ಆಸೆ ಯಾರಿಗಾದರೂ ಬರುತ್ತದೆ.

ಇದನ್ನು ಹಿಡಿಯಲು ಸಾರುವೆ ಹತ್ತಬೇಕಾಗಿಲ್ಲ, ಖಾಲಿ ಡಬ್ಬ ಎಣಿಸಿದರೆ ಸಾಕು. ನಿಮ್ಮ ಮನೆಯ ಹೊರಗೋಡೆ ಕಿಟಕಿ, ಬಾಗಿಲು ಕಳೆದು 1,500 ಚದರ ಅಡಿ ಇದೆ ಎಂದಿಟ್ಟುಕೊಳ್ಳಿ. ಮೇಲೆ ಹೇಳಿದ ಲೆಕ್ಕದಲ್ಲಿ ಎರಡು ಕೋಟ್‌ಗೆ ಲೀಟರ್‌ಗೆ ಸುಮಾರು 54 ಚದರ ಅಡಿ. ಅಂದರೆ ಬೇಕಾದದ್ದು 28 ಲೀಟರ್: 20 ಲೀಟರ್‌ನ ಒಂದು ಬಕೆಟ್, 4 ಲೀಟರ್‌ನ ಎರಡು ಡಬ್ಬ. ಒಂದೇ 20 ಲೀಟರ್ ಬಕೆಟ್‌ನಲ್ಲಿ ಇಡೀ ಮನೆ ಮುಗಿದರೆ ನಿಮ್ಮ ಗೋಡೆ ಮೇಲಿರುವುದು 80 ಮೈಕ್ರಾನ್ ಅಲ್ಲ, 60ಕ್ಕೂ ಕಡಿಮೆ. ಬಣ್ಣ ಎಲ್ಲ ಕಡೆ ಕಾಣುತ್ತದೆ, ಫೋಟೋದಲ್ಲಿ ಚೆನ್ನಾಗಿಯೇ ಬರುತ್ತದೆ. ಆಯುಸ್ಸು ಮಾತ್ರ ಅಲ್ಲೇ ಕತ್ತರಿಸಿಹೋಗಿದೆ. ಒರಟು ಗೋಡೆ ಇನ್ನೂ ಜಾಸ್ತಿ ಕುಡಿಯುತ್ತದೆ, ಹಾಗಾಗಿ ನಿಮ್ಮ ಬಣ್ಣದ ವ್ಯಾಪ್ತಿ ಎಷ್ಟು ಅಂತ ಡಬ್ಬದ ಮೇಲೂ ನೋಡಿ. ಬಣ್ಣ ನೀವೇ ತಂದುಕೊಟ್ಟು ಕೂಲಿ ಮಾತ್ರ ಮಾತಾಡಿಕೊಳ್ಳುವುದು ಒಳ್ಳೆಯದು ಅನ್ನುವುದು ಇದಕ್ಕೇ.

ಬಣ್ಣದ ಆಯ್ಕೆಯಲ್ಲಿ ಒಂದೇ ಮಾತು. ಗಾಢ ಕೆಂಪು, ನೇರಳೆ, ಎದ್ದುಕಾಣುವ ಹಳದಿಗೆ ಬಳಸುವ ಸಾವಯವ ವರ್ಣದ್ರವ್ಯಗಳಲ್ಲಿ ಹಲವು ಬಿಸಿಲಿಗೆ ಬೇಗ ಮಾಸುತ್ತವೆ. ಇಟ್ಟಿಗೆ ಕೆಂಪು, ಕಾವಿ, ಮಣ್ಣಿನ ಹಳದಿ, ಕಂದು ಇವೆಲ್ಲ ಕಬ್ಬಿಣದ ಆಕ್ಸೈಡ್, ಮಾಸುವುದು ನಿಧಾನ. ದೇವಸ್ಥಾನದ ಗೋಡೆಯ ಕೆಮ್ಮಣ್ಣಿನ ಪಟ್ಟೆ ಬಿಸಿಲಿಗೆ ಅಂಜುವುದಿಲ್ಲ. ಪಕ್ಕದ ಸುಣ್ಣ ಮಾಸಿದರೂ ಅದು ಕೆಂಪಾಗಿಯೇ ಇರುತ್ತದೆ.

ಯಾವಾಗ, ಯಾವ ಹೊತ್ತಿನಲ್ಲಿ

ವಿಶಾಖ ಮಳೆ ಕಳೆದ ಮೇಲೆ, ನವೆಂಬರ್ ಕೊನೆಯಿಂದ ಫೆಬ್ರುವರಿ ಕೊನೆಯವರೆಗೆ ನಮ್ಮ ಕಡೆ ಬಣ್ಣದ ಕಾಲ. ನಡುವೆ ಬಂಗಾಳಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ಎರಡು ಮೂರು ದಿನ ಜಡಿ ಹಿಡಿಯಬಹುದು, ಅಷ್ಟು ದಿನ ಕೆಲಸ ನಿಲ್ಲಿಸಿದರಾಯಿತು. ಈ ಕಾಲದ ತೊಂದರೆ ಇಬ್ಬನಿ. ಅದರಲ್ಲೂ ನಾಲೆ ಬಯಲಿನ ಊರುಗಳಲ್ಲಿ ಬೆಳಿಗ್ಗೆ ಗೋಡೆ ಮುಟ್ಟಿದರೆ ಕೈ ಒದ್ದೆಯಾಗುತ್ತದೆ. ಬೆಳಿಗ್ಗೆ ಗೋಡೆ ಒಣಗಿದ ಮೇಲೆಯೇ ಶುರು ಮಾಡಿ, ಸಂಜೆ ಸೂರ್ಯ ಮುಳುಗುವ ಎರಡು ಗಂಟೆ ಮುಂಚೆಯೇ ಬ್ರಷ್ ತೊಳೆದಿಡಬೇಕು.

ಮಾರ್ಚ್-ಏಪ್ರಿಲ್‌ನಲ್ಲಿ ಹೊಡೆಸುವವರಿಗೆ ಉಲ್ಟಾ ಸಮಸ್ಯೆ. ಬಿಸಿಲಿಗೆ ನಿಂತ ಗೋಡೆ ಕೈ ಇಡಲಾಗದಷ್ಟು ಕಾಯುತ್ತದೆ. ಬಣ್ಣ ಅಲ್ಲಿ ತಾಗಿದ ಕೂಡಲೇ ಒಣಗಿ, ಹನಿಗಳು ಒಂದಾಗಲು ಸಮಯವೇ ಸಿಗುವುದಿಲ್ಲ. ಒಂದು ಪಟ್ಟಿ ಮುಗಿಸಿ ಪಕ್ಕದ್ದಕ್ಕೆ ಬರುವಷ್ಟರಲ್ಲಿ ಮೊದಲನೆಯದರ ಅಂಚು ಒಣಗಿ ಜೋಡಣೆಯ ಗುರುತು ಉಳಿಯುತ್ತದೆ. ನೆರಳನ್ನು ಹಿಂಬಾಲಿಸಿ ಕೆಲಸ ಮಾಡಿಸಿ. ಪಶ್ಚಿಮದ ಗೋಡೆ ಬೆಳಿಗ್ಗೆ, ಪೂರ್ವದ್ದು ಮಧ್ಯಾಹ್ನದ ಮೇಲೆ. ಒಂದು ಗೋಡೆ ಹಿಡಿದರೆ ಮೂಲೆಯವರೆಗೂ ಮುಗಿಸಬೇಕು, ನಡುವೆ ಊಟಕ್ಕೆ ಏಳಬಾರದು. ಎರಡು ಕೋಟ್ ನಡುವೆ ಡಬ್ಬದಲ್ಲಿ ಹೇಳಿದಷ್ಟು ಗಂಟೆ ಬಿಡಬೇಕು, ಸಾಮಾನ್ಯವಾಗಿ ನಾಲ್ಕರಿಂದ ಆರು. ಅಂಗಡಿಯ ಯಂತ್ರದಲ್ಲಿ ಬೆರೆಸಿದ ಬಣ್ಣ ಡಬ್ಬದಿಂದ ಡಬ್ಬಕ್ಕೆ ಕೂದಲೆಳೆಯಷ್ಟು ಬೇರೆ ಇರಬಹುದು, ಆದ್ದರಿಂದ ಎಲ್ಲವನ್ನೂ ಒಂದು ದೊಡ್ಡ ಡ್ರಮ್‌ಗೆ ಸುರಿದು ಕಲಕಿಕೊಂಡೇ ಶುರು ಮಾಡುವುದು ಜಾಣತನ.

ಗೇಟು, ಗ್ರಿಲ್ ಕೆಲಸ ಸಣ್ಣದು: ತುಕ್ಕು ಪೂರ್ತಿ ಉಜ್ಜಿ, ಅದೇ ದಿನ ಲೋಹದ ಪ್ರೈಮರ್, ಆಮೇಲೆ ಎನಾಮಲ್. ಹಳೆಯ ಎನಾಮಲ್ ಉಜ್ಜುವಾಗ ಮಾತ್ರ ಎಚ್ಚರ. ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ಬಂದದ್ದು 2016ರಲ್ಲಿ. ಅದಕ್ಕೂ ಹಳೆಯ ಪದರಗಳಲ್ಲಿ ಎಷ್ಟಿತ್ತೋ. ನೀರು ಹಾಕಿಕೊಂಡು ಉಜ್ಜಲಿ, ಮಾಸ್ಕ್ ಹಾಕಲಿ, ಮಕ್ಕಳು ಹತ್ತಿರ ಬೇಡ. ಎರಡನೇ ಅಂತಸ್ತಿಗೆ ಹತ್ತುವವರಿಗೆ ಬೆಲ್ಟ್, ಹಗ್ಗ ಇದೆಯಾ ಅಂತ ಕೇಳುವುದು ಮನೆಯವರ ಕೆಲಸವೂ ಹೌದು.

ಹಳೆಯ ಗಾರೆ ಮನೆಗಳಿಗೆ ಮೇಲೆ ಹೇಳಿದ್ದು ಪೂರ್ತಿ ಅನ್ವಯಿಸುವುದಿಲ್ಲ. ಅಗ್ರಹಾರ, ಕೋಟೆ ಮೊಹಲ್ಲಾದ ಕಡೆ ಸುಣ್ಣದ ಗಾರೆಯ ದಪ್ಪ ಗೋಡೆಗಳು ಇನ್ನೂ ಇವೆ. ಗಾರೆ ದುರ್ಬಲ ಅಂತ ಅಂದುಕೊಳ್ಳಬೇಡಿ, ಕೆಆರ್‌ಎಸ್ ಅಣೆಕಟ್ಟೆ ಕಟ್ಟಿದ್ದು ಸುಣ್ಣ, ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲೇ. ಆದರೆ ಈ ಗೋಡೆಗಳು ಮಳೆಗಾಲದಲ್ಲಿ ನೀರು ಕುಡಿದು ಬೇಸಿಗೆಯಲ್ಲಿ ಬಿಡುತ್ತವೆ. ಅದರ ಮೇಲೆ ಅಕ್ರಿಲಿಕ್ ಪದರ ಮುಚ್ಚಿದರೆ ಒಳಗಿನ ನೀರಿಗೆ ದಾರಿ ಸಾಲುವುದಿಲ್ಲ, ಗಾರೆಯ ಸಮೇತ ಕಿತ್ತುಬರುತ್ತದೆ. ಇಂಥ ಗೋಡೆಗೆ ಸುಣ್ಣವೇ ಸರಿ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಮತ್ತೆ ಸುಣ್ಣಕಲ್ಲಾಗುತ್ತದೆ. ಅದಕ್ಕೆ ತೇವ ಬೇಕು. ಹಾಗಾಗಿ ಎಮಲ್ಷನ್‌ಗೆ ತದ್ವಿರುದ್ಧವಾಗಿ ಇಲ್ಲಿ ಗೋಡೆ ನೆನೆಸಿಕೊಂಡೇ ಹಚ್ಚಬೇಕು. ಒಂದು ದಪ್ಪ ಕೋಟ್‌ಗಿಂತ ಮೂರು ತೆಳು ಕೋಟ್ ಮೇಲು.

ಕೆಲಸ ಮುಗಿದ ಮೇಲೆ ಉಳಿದ ಬಣ್ಣವನ್ನು ಅರ್ಧ ಖಾಲಿ ಬಕೆಟ್‌ನಲ್ಲಿ ಬಿಡಬೇಡಿ, ನೀರು ಬೆರೆಸದ ಬಣ್ಣವನ್ನು ಸಣ್ಣ ಡಬ್ಬಕ್ಕೆ ತುಂಬಿ ಬಿಗಿಯಾಗಿ ಮುಚ್ಚಿ ನೆರಳಲ್ಲಿಡಿ. ಮುಚ್ಚಳದ ಮೇಲೆ ಬಣ್ಣದ ಕೋಡ್, ಯಾವ ಗೋಡೆ, ಯಾವ ತಿಂಗಳು ಅಂತ ಬರೆಯಿರಿ. ಪ್ರತಿ ವರ್ಷ ಹಿಂಗಾರು ಮುಗಿದ ಮೇಲೆ ಮನೆಗೆ ಒಂದು ಸುತ್ತು ಬನ್ನಿ. ಧೂಳನ್ನು ಪೈಪಿನ ನೀರಲ್ಲಿ ತೊಳೆಯಿರಿ, ಸಜ್ಜಾದ ಅಡಿಯ ಗೆರೆ ಮತ್ತು ತಾರಸಿಯ ಪೈಪಿನ ಬಾಯಿ ಕಟ್ಟಿದೆಯಾ ನೋಡಿ. ಹೊಸ ಬಿರುಕು ಕಂಡರೆ ಆಗಲೇ ತುಂಬಿಸಿ ಆ ಡಬ್ಬದಿಂದ ಹಚ್ಚಿ. ಹಚ್ಚುವಾಗ ಅಂಗೈಯಗಲದ ತೇಪೆ ಬೇಡ. ಹಳೆಯ ಬಣ್ಣ ಆಗಲೇ ಸ್ವಲ್ಪ ಮಾಸಿರುವುದರಿಂದ ತೇಪೆ ಎದ್ದು ಕಾಣುತ್ತದೆ. ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ, ಇಲ್ಲವೇ ಒಂದು ಪೈಪಿನಿಂದ ಇನ್ನೊಂದು ಪೈಪಿನವರೆಗೆ ಪೂರ್ತಿ ಹೊಡೆದರೆ ಯಾರ ಕಣ್ಣಿಗೂ ಬೀಳುವುದಿಲ್ಲ.